ರಿಪೋರ್ಟಿಗೆ ಆರಾಮೈತಿ

"ರಿಪೋರ್ಟಿಗೆ ಆರಾಮೈತಂತ ತಮ್ಮಾ, ನನಗ ಆರಾಮಿಲ್ಲ."

ಅಕ್ಕ ಫೋನಿನಲ್ಲಿ ಹೀಗಂದಾಗ ನಾನು ಆಫೀಸಿನ ಕ್ಯಾಂಟೀನಿನಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಒಳ್ಳೇ ಡೈಲಾಗ್ ಹೊಡೆದಳು ಅಂತ ನಕ್ಕೆ. ಪಕ್ಕದಲ್ಲಿದ್ದ ಗೆಳೆಯನಿಗೂ ಹೇಳಿ ನಗಿಸಿದೆ. ಆಮೇಲೆ ಅವಳು ವಾಟ್ಸಾಪಿನಲ್ಲಿ ಕಳಿಸಿದ್ದ ಲ್ಯಾಬ್ ರಿಪೋರ್ಟಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಟಿಎಸ್‌ಎಚ್ 3.9. ಪಕ್ಕದ ಕಾಲಮ್ಮಿನಲ್ಲಿ ನಾರ್ಮಲ್ ಮಿತಿ 0.4ರಿಂದ 4.5. ದಪ್ಪ ಅಕ್ಷರ ಇಲ್ಲ, ಸ್ಟಾರ್ ಗುರುತಿಲ್ಲ. "ಎಲ್ಲಾ ನಾರ್ಮಲ್ ಐತಕ್ಕ, ಸ್ವಲ್ಪ ವಾಕಿಂಗ್ ಮಾಡು" ಅಂತ ಟೈಪ್ ಮಾಡಿ, ಟ್ರೇ ಹಿಡಿದುಕೊಂಡು ಮುಂದೆ ಹೋದೆ.

ವಾಕಿಂಗ್! ಬೆಳಗಿನ ನಾಲ್ಕೂವರೆಗೆ ಎದ್ದು, ಅರ್ಧ ಎಕರೆ ಮಲ್ಲಿಗೆ ಗಿಡದಲ್ಲಿ ಬಗ್ಗಿ ಬಗ್ಗಿ ಮೊಗ್ಗು ಬಿಡಿಸಿ, ಮೊದಲ ಬಸ್ಸಿಗೆ ಚೀಲ ಹಾಕಿ, ಆಮೇಲೆ ಎರಡು ಮಕ್ಕಳು, ಎರಡು ಎಮ್ಮೆ, ಒಬ್ಬ ಅತ್ತೆಯನ್ನು ಸಂಭಾಳಿಸುವ ಹೆಂಗಸಿಗೆ ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂರುವ ನಾನು ಹೇಳಿದ ಔಷಧಿ ಅದು.

ಅಕ್ಕನನ್ನು ಕೊಟ್ಟಿರೋದು ಹಡಗಲಿ ತಾಲೂಕಿನ ಒಂದು ಊರಿಗೆ. ನಾನು ಹುಟ್ಟಿದ್ದು ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ ಇರುವ ಹಳ್ಳಿಯಲ್ಲಿ. ಪಿಯುಸಿ ಕೊಟ್ಟೂರಿನಲ್ಲಿ, ಬಿಇ ದಾವಣಗೆರೆಯಲ್ಲಿ, ಆಮೇಲೆ ಎಲ್ಲರಂತೆ ಬೆಂಗಳೂರು. ನಮ್ಮ ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಅಂತ ಹೊಸ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಬೋರ್ಡುಗಳು ಇಷ್ಟು ಸಲ ಬದಲಾದರೂ ನಮ್ಮ ಕಡೆ ಆರಾಮಿಲ್ಲದವರು ಹತ್ತುವ ಬಸ್ಸು ಮಾತ್ರ ಬದಲಾಗಲಿಲ್ಲ. ದಾವಣಗೆರೆ ಬಸ್ಸೇ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯವರಾದರೆ ಹೊಸಪೇಟೆ, ಬಳ್ಳಾರಿ ಅಂತಾರೆ. ಹಡಗಲಿಯವರು ದಾವಣಗೆರೆ ಇಲ್ಲಾ ಹುಬ್ಬಳ್ಳಿ. ಯಾವ ಕಡೆ ಹೋದರೂ ಒಂದು ದಿನದ ಕೂಲಿ, ಒಂದು ದಿನದ ಹೂವು ಹೋಯಿತು ಅಂತಲೇ ಲೆಕ್ಕ. ಆದ್ದರಿಂದ ನಮ್ಮಲ್ಲಿ ಹೆಂಗಸರು ದೊಡ್ಡ ಆಸ್ಪತ್ರೆಗೆ ಹೋಗೋದು ನೆಲಕ್ಕೆ ಬಿದ್ದ ಮೇಲೆ. ಅಕ್ಕ ಬಿದ್ದಿರಲಿಲ್ಲ. ಅದೇ ಅವಳ ಸಮಸ್ಯೆ ಆಯಿತು.

ಮೊದಲಿನಿಂದ ಹೇಳಬೇಕು. ಎರಡನೇ ಹೆರಿಗೆ ಆಗಿ ಒಂದು ವರ್ಷದೊಳಗೆ ಅವಳ ಮುಖ ಊದಿಕೊಂಡಿತು, ಕೂದಲು ಉದುರಿತು, ಮಲವಿಸರ್ಜನೆ ಕಷ್ಟ ಆಯಿತು. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಚಾದರ ಹೊದ್ದು ಮಲಗುತ್ತಿದ್ದಳು. ಹಡಗಲಿ ಏಪ್ರಿಲ್ ಕಂಡವರಿಗೆ ಗೊತ್ತು, ಅಲ್ಲಿ ಚಾದರ ಅನ್ನೋ ಮಾತೇ ಬೈಗುಳ. ಓಣಿಯವರು ನಕ್ಕರು. ಫೋನಿನಲ್ಲಿ ಅವಳ ದನಿ ದಪ್ಪಗಾಗಿತ್ತು. ನಾನು ನೆಟ್‌ವರ್ಕ್ ಅಂದುಕೊಂಡೆ. ನಿಜ ಹೇಳ್ತೀನಿ, ಎರಡು ಸಲ "ಅಕ್ಕ, ಟವರ್ ಇರೋ ಕಡೆ ಬಂದು ಮಾತಾಡು" ಅಂದಿದ್ದೆ. ತಾಲೂಕು ಕೇಂದ್ರದ ಒಬ್ಬ ಡಾಕ್ಟರು ಮುಖ ನೋಡಿದ ಕೂಡಲೇ ರಕ್ತ ಪರೀಕ್ಷೆ ಬರೆದರು. ಟಿಎಸ್‌ಎಚ್ 38. ಹೈಪೋಥೈರಾಯ್ಡಿಸಂ. ಲೆವೋಥೈರಾಕ್ಸಿನ್ 50 ಮೈಕ್ರೋಗ್ರಾಂ, ಆಮೇಲೆ 75. ಆರು ತಿಂಗಳಲ್ಲಿ ನಮ್ಮ ಹಳೇ ಅಕ್ಕ ವಾಪಸ್ ಬಂದಳು. ಆ ಡಾಕ್ಟರಿಗೆ ಈಗಲೂ ಮನಸ್ಸಿನಲ್ಲೇ ಕೈ ಮುಗೀತೀನಿ.

ಕಷ್ಟ ಶುರುವಾಗಿದ್ದು ಅದರ ನಂತರ. ಒಂದೂವರೆ ವರ್ಷ ಕಳೆದ ಮೇಲೆ ಸುಸ್ತು ಮೆಲ್ಲಗೆ ವಾಪಸ್ ಬಂತು. ಮಾತ್ರೆ ಬಿಟ್ಟಿರಲಿಲ್ಲ. ಟಿಎಸ್‌ಎಚ್ ಒಮ್ಮೆ 3.9, ಒಮ್ಮೆ 6.8, ಮತ್ತೊಮ್ಮೆ 4.2. ಹೆಚ್ಚು ಕಡಿಮೆ ಮಿತಿಯೊಳಗೇ. ಮೊದಲಿನ ಡಾಕ್ಟರು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಒಬ್ಬರು "ಟೆನ್ಶನ್ ಮಾಡ್ಕೋಬ್ಯಾಡವ್ವಾ" ಅಂದರು. ಇನ್ನೊಬ್ಬರು ತೂಕ ಇಳಿಸು ಅಂದರು. ಮತ್ತೊಬ್ಬರ ಕಡೆ ಹೋದರೆ ಕೇಳುವ ಮೊದಲೇ ಗ್ಲೂಕೋಸ್ ಬಾಟಲಿ ಏರಿಸಿಬಿಟ್ಟರು. ಅವತ್ತೊಂದಿನ ಹುರುಪು, ನಾಳೆಗೆ ಮತ್ತದೇ. ಊರಿನವರ ರೋಗನಿರ್ಣಯ ಬೇರೆ. ಕೂಡ್ಲಿಗಿ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಇರೋದು ಎಲ್ಲರಿಗೂ ಗೊತ್ತು, ಹಾಗಾಗಿ ಸುತ್ತಲ ತಾಲೂಕುಗಳಲ್ಲೂ ಮೈಕೈ ನೋವು ಅಂದರೆ "ನೀರಿಂದು" ಅಂದುಬಿಡೋದು ರೂಢಿ. ಅತ್ತೆ "ಈಗಿನ ಹೆಣ್ಮಕ್ಕಳಿಗೆ ಕಸುವಿಲ್ಲ" ಅಂದರು. ನಾನು ವಾಕಿಂಗ್ ಮಾಡು ಅಂದೆ.

ಹಡಗಲಿ ತಾಲೂಕಿನಲ್ಲೇ ಮೈಲಾರ ಇದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂದ ಕೂಡಲೇ ಲಕ್ಷಾಂತರ ಜನ ಉಸಿರು ಬಿಗಿ ಹಿಡೀತಾರೆ. ಒಂದೇ ಒಂದು ಸಾಲು ನುಡಿದು ಅವನು ಕೆಳಗೆ ಬೀಳ್ತಾನೆ. ಅದು ಕಾರ್ಣಿಕ. ಆಮೇಲೆ ಆ ಒಂದು ಸಾಲಿಗೆ ರೈತ ಮಳೆಯ ಅರ್ಥ ಹಚ್ತಾನೆ, ವ್ಯಾಪಾರಿ ರೇಟಿನ ಅರ್ಥ ಹಚ್ತಾನೆ, ರಾಜಕಾರಣಿ ಕುರ್ಚಿಯ ಅರ್ಥ ಹಚ್ತಾನೆ. ಅಕ್ಕನ ಲ್ಯಾಬ್ ರಿಪೋರ್ಟೂ ನಮ್ಮ ಮನೆಯಲ್ಲಿ ಹಾಗೇ ಆಯಿತು. 3.9 ಅನ್ನೋ ಒಂದು ಅಂಕಿ. ಡಾಕ್ಟರಿಗೆ ಅದರ ಅರ್ಥ 'ಮುಂದಿನ ಪೇಷಂಟ್ ಕಳಿಸಿ', ಅತ್ತೆಗೆ 'ಸೊಸೆ ನಾಟಕ ಮಾಡ್ತಾಳೆ', ಮಾವನಿಗೆ 'ಸದ್ಯ ಖರ್ಚಿಲ್ಲ', ನನಗೆ 'ಊಟಕ್ಕೆ ಲೇಟಾಯ್ತು'. ಬಿಲ್ಲನ್ನೇರಿದವಳು ಕೆಳಗೆ ಬಿದ್ದಿದ್ದಾಳೆ ಅನ್ನೋದನ್ನ ಯಾರೂ ನೋಡಲಿಲ್ಲ.

ನಾರ್ಮಲ್ ಮಿತಿ ಅಂದರೇನು ಅನ್ನೋದು ನನಗೆ ಗೊತ್ತಿರಬೇಕಿತ್ತು. ಆರೋಗ್ಯವಂತರು ಅಂತ ಆರಿಸಿದ ಒಂದು ಗುಂಪಿನ ರಕ್ತ ನೋಡಿ, ನಡುವಿನ ಶೇ 95 ಮಂದಿ ಎಲ್ಲಿ ಬೀಳ್ತಾರೋ ಆ ಎರಡು ತುದಿಗಳ ನಡುವೆ ಗೆರೆ ಹಾಕ್ತಾರೆ. ನಮ್ಮ ಸರ್ವರ್‌ಗಳಿಗೆ ಅಲರ್ಟ್ ಇಡೋ ಲೆಕ್ಕವೇ. ಆದರೆ ಗುಂಪಿನ ಮಿತಿ ಬೇರೆ, ಒಬ್ಬರ ಮಿತಿ ಬೇರೆ. 2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು 16 ಮಂದಿ ಆರೋಗ್ಯವಂತ ಗಂಡಸರ ರಕ್ತವನ್ನು ಒಂದು ವರ್ಷ ಪ್ರತಿ ತಿಂಗಳು ಪರೀಕ್ಷೆ ಮಾಡಿ ನೋಡಿದರು. ಪ್ರತಿಯೊಬ್ಬನ ಥೈರಾಯ್ಡ್ ಅಂಕಿಗಳೂ ತನ್ನದೇ ಒಂದು ಸಣ್ಣ ಪಟ್ಟಿಯೊಳಗೆ ಓಡಾಡುತ್ತಿದ್ದವು. ಆ ಪಟ್ಟಿ ಲ್ಯಾಬಿನ ಮಿತಿಗಿಂತ ಎಷ್ಟೋ ಕಿರಿದು. ಅಂದರೆ ಲ್ಯಾಬಿನ ಪ್ರಕಾರ ನಾರ್ಮಲ್ ಆದದ್ದು ಅವನ ಮಟ್ಟಿಗೆ ನಾರ್ಮಲ್ ಅಲ್ಲದಿರಬಹುದು. (ಹೆಚ್ಚಾಗಿ ಹೆಂಗಸರಿಗೆ ಬರುವ ಕಾಯಿಲೆಯ ಬಗ್ಗೆ ಈ ವಿಷಯ ತಿಳಿದದ್ದು 16 ಗಂಡಸರ ರಕ್ತದಿಂದ. ಇರಲಿ.) ಆಫೀಸಿನಲ್ಲಿ "ಡ್ಯಾಶ್‌ಬೋರ್ಡ್ ಹಸಿರಿದೆ, ಆದರೆ ಕಸ್ಟಮರ್ ಸ್ಲೋ ಅಂತಿದಾನೆ" ಅಂದರೆ ನಾನು ಡ್ಯಾಶ್‌ಬೋರ್ಡನ್ನೇ ಅನುಮಾನಿಸ್ತೀನಿ. ಅದಕ್ಕೇ ನನಗೆ ಸಂಬಳ ಕೊಡೋದು. ಅಕ್ಕ ಕಸ್ಟಮರ್ ಅಲ್ಲವಲ್ಲ.

ಹಾಗಂತ ಅಂಕಿಯನ್ನು ಬೈದು ಒಳ್ಳೆಯವನಾಗೋಕೆ ನನಗೆ ಇಷ್ಟವಿಲ್ಲ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಅನ್ನೋ ವೈದ್ಯ ಈ ಕಾಯಿಲೆಯ ಹೆಂಗಸರ ಬಗ್ಗೆ ಬರೆದಾಗ ಅವನ ಹತ್ತಿರ ಇದ್ದದ್ದು ಕಣ್ಣು ಮತ್ತು ಕಿವಿ ಮಾತ್ರ. ಔಷಧಿ ಇರಲಿಲ್ಲ. 1891ರಲ್ಲಿ ಜಾರ್ಜ್ ಮರ್ರೆ ಅನ್ನೋ ಹರೆಯದ ಡಾಕ್ಟರು ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದ. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದಳು. ರಕ್ತದಲ್ಲಿ ಟಿಎಸ್‌ಎಚ್ ಅಳೆಯೋ ಪರೀಕ್ಷೆ ಬಂದದ್ದು 1960ರ ದಶಕದಲ್ಲಿ. ಅದು ಬಂದ ಮೇಲೆ, ಹೇಳಿಕೊಳ್ಳಲಾರದವರ, ಹೇಳಿದರೂ ಯಾರೂ ಕೇಳದವರ ಕಾಯಿಲೆ ಕೂಡ ಹೊರಗೆ ಬಂತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳ ವಯಸ್ಕರಲ್ಲಿ ಸುಮಾರು ಶೇ 11 ಜನಕ್ಕೆ ಹೈಪೋಥೈರಾಯ್ಡಿಸಂ ಕಂಡಿತ್ತು. ಅವರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ತಮಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಅಕ್ಕನ ಆ 38 ಬರದೇ ಹೋಗಿದ್ದರೆ ಅವಳು ಇವತ್ತಿಗೂ ಓಣಿಯವರ ನಗೆಗೆ ಚಾದರ ಹೊದ್ದು ಮಲಗಿರುತ್ತಿದ್ದಳು. ಅಂಕಿ ಅವಳ ಪರವಾಗಿ ಒಂದು ಸಲ ಸಾಕ್ಷಿ ಹೇಳಿತು. ಎರಡನೇ ಸಲ ಅದೇ ಅಂಕಿ ಅವಳ ವಿರುದ್ಧದ ಸಾಕ್ಷಿ ಆಯಿತು.

ಡಾಕ್ಟರುಗಳ ಕಡೆಯಿಂದಲೂ ಯೋಚನೆ ಮಾಡಬೇಕು. ಸುಸ್ತು ಅನ್ನೋದು ಎಂಥಾ ದೂರು ನೋಡಿ. ರಕ್ತ ಕಡಿಮೆ ಇದ್ದರೂ ಸುಸ್ತು, ಬಿ12 ಕಡಿಮೆ ಇದ್ದರೂ ಸುಸ್ತು, ನಿದ್ದೆ ಇಲ್ಲದಿದ್ದರೂ, ಮನಸ್ಸು ಕುಸಿದಿದ್ದರೂ, ಬರೀ ಬದುಕೇ ಭಾರ ಆಗಿದ್ದರೂ ಸುಸ್ತು. ಥೈರಾಯ್ಡ್ ಒಂದು ಚೂರು ಏರುಪೇರಾದವರಿಗೆಲ್ಲ ಮಾತ್ರೆ ಕೊಟ್ಟರೆ ಸರಿಹೋಗತ್ತಾ ಅಂತ ನೋಡಿದ ದೊಡ್ಡ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. 65 ದಾಟಿದ 737 ಜನರಲ್ಲಿ ಅರ್ಧ ಮಂದಿಗೆ ಮಾತ್ರೆ, ಅರ್ಧ ಮಂದಿಗೆ ಸುಮ್ಮನೆ ಅದರಂತೆ ಕಾಣುವ ಗುಳಿಗೆ. ಸುಸ್ತಿನಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಅದು ವಯಸ್ಸಾದವರ ಮಾತು, ಅಕ್ಕನಂಥವರದ್ದಲ್ಲ, ನಿಜ. ಆದರೂ "ಸುಸ್ತಾ? ಡೋಸ್ ಜಾಸ್ತಿ ಮಾಡೋಣ" ಅನ್ನದ ಡಾಕ್ಟರು ನಿರ್ದಯಿ ಅಂತೇನಲ್ಲ. ಹೊರಗೆ ನೂರು ಜನ ಚೀಟಿ ಹಿಡಿದು ನಿಂತಿರುವಾಗ ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಆ ಎರಡು ನಿಮಿಷದಲ್ಲಿ ಅಂಕಿಯನ್ನಾದರೂ ಓದಬಹುದು. ಮನುಷ್ಯರನ್ನು ಓದೋಕೆ ಆಗಲ್ಲ.

ಹಾಗಿದ್ದರೆ ಅಕ್ಕನ ಮಾತನ್ನು ಪೂರ್ತಿ ಕೇಳಿದವರು ಯಾರೂ ಇರಲಿಲ್ಲವಾ? ಇದ್ದರು. ಒಬ್ಬಾಕೆ ಮುಕ್ಕಾಲು ಗಂಟೆ ಕೇಳಿದಳು. ನಡುವೆ ಫೋನ್ ಬಂದರೂ ಎತ್ತಲಿಲ್ಲವಂತೆ. ಅಕ್ಕನ ಕೈ ಹಿಡಿದುಕೊಂಡು "ನಿಮ್ಮ ಕಷ್ಟ ನನಗೆ ಅರ್ಥ ಆಗ್ತತಿ ಅಕ್ಕಾರ" ಅಂದಳಂತೆ. ಅಕ್ಕ ಅತ್ತುಬಿಟ್ಟಳಂತೆ. ಆಮೇಲೆ ಆಕೆ ಥೈರಾಯ್ಡನ್ನು ಬೇರು ಸಮೇತ ಕಿತ್ತು ಹಾಕುವ ಪುಡಿಯ ಡಬ್ಬ ಮೂರು ಕೊಟ್ಟು, ಹೂವಿನ ದುಡ್ಡಿನಲ್ಲಿ ಎಂಟು ಸಾವಿರ ಇಸಿದುಕೊಂಡು ಹೋದಳು. ಡಾಕ್ಟರ ಮಾತ್ರೆ ನಿಲ್ಲಿಸಿ ಅಂತಲೂ ಹೇಳಿದ್ದಳು. ದೇವರ ದಯೆ, ಅಕ್ಕ ಅದೊಂದು ಮಾತು ಕೇಳಲಿಲ್ಲ.

ವಿಷಯ ಗೊತ್ತಾದಾಗ ನಾನು ಕೂಗಾಡಿದೆ. "ಓದಿದವಳಾಗಿ ಹಿಂಗ್ಯಾಕ ಮಾಡಿದಿ?" ಅಂದೆ. ಅಕ್ಕ ಸಿಟ್ಟಾಗಲಿಲ್ಲ. "ಪುಡಿ ಸುಳ್ಳಂತ ನನಗೂ ಗೊತ್ತಾತು ಬಿಡಪ್ಪಾ. ಆದ್ರ ಆಕಿ ಕೇಳಿದ್ದು ಖರೇ ಇತ್ತಲ್ಲ" ಅಂದಳು.

ಈ ಮಾತಿನ ಮುಂದೆ ನಾನು ತುಂಬಾ ದಿನ ಒದ್ದಾಡಿದ್ದೀನಿ. ಕೇಳಿಸಿಕೊಳ್ಳೋದು ಒಳ್ಳೆಯದು, ಕೇಳಿಸಿಕೊಳ್ಳದಿರೋದು ಕೆಟ್ಟದ್ದು ಅಂತ ಸುಲಭವಾಗಿ ಬರೆದುಬಿಡಬಹುದಿತ್ತು. ಆದರೆ ಎಲ್ಲರಿಗಿಂತ ಚೆನ್ನಾಗಿ ಕೇಳಿದವಳು ಮೋಸಗಾತಿ, ಸರಿಯಾಗಿ ಕೇಳದವರು ಪ್ರಾಮಾಣಿಕರು. ಹಾಗಾದರೆ ಒಬ್ಬರ ಮಾತನ್ನು 'ಸೀರಿಯಸ್ಸಾಗಿ ತಗೊಳ್ಳೋದು' ಅಂದರೆ ನಿಜವಾಗಿ ಏನು?

ಆಫೀಸಿನಲ್ಲಿ ಟೀಮಿನ ಹುಡುಗಿಯೊಬ್ಬಳು ಮಿರಾಂಡಾ ಫ್ರಿಕರ್ ಅನ್ನೋ ತತ್ವಶಾಸ್ತ್ರಜ್ಞೆಯ ಹೆಸರು ಹೇಳಿದಳು. 2007ರಲ್ಲಿ 'ಎಪಿಸ್ಟೆಮಿಕ್ ಇನ್‌ಜಸ್ಟಿಸ್' ಅಂತ ಪುಸ್ತಕ ಬರೆದಾಕೆ. ಮಾತಾಡುವವರು ಯಾರು ಅನ್ನೋದರ ಮೇಲೆ ಅವರ ಮಾತಿನ ತೂಕ ಇಳಿಸಿಬಿಡೋದು, ಅಂದರೆ ಹೆಂಗಸು, ಬಡವರು, ಕರಿಯರು ಅಂತ ಅವರ ಸಾಕ್ಷಿಗೆ ಬೆಲೆ ಕಡಿಮೆ ಮಾಡೋದು, ಅದೂ ಒಂದು ಅನ್ಯಾಯ ಅಂತ ಆಕೆಯ ವಾದ. ಆ ಮನುಷ್ಯರಿಗೆ ತಮ್ಮ ಬದುಕಿನ ಬಗ್ಗೆ ತಿಳಿದಿದೆ ಅನ್ನೋದನ್ನೇ ನಿರಾಕರಿಸಿದ ಹಾಗೆ. ಓದಿದಾಗ ಇದು ಅಕ್ಕನ ಕತೆಯೇ ಅನ್ನಿಸಿತು. ನನಗೊಮ್ಮೆ ಬೆನ್ನು ನೋವು ಬಂದಾಗ ಇಲ್ಲಿ ಬೆಂಗಳೂರಿನಲ್ಲಿ ಎರಡೇ ದಿನಕ್ಕೆ ಎಂಆರ್‌ಐ ಆಗಿತ್ತು. ಅದರಲ್ಲೂ ಏನೂ ಕಾಣಿಸಲಿಲ್ಲ. ಆದರೂ ಆ ಡಾಕ್ಟರು "ಕೆಲವೊಮ್ಮೆ ಸ್ಕ್ಯಾನಲ್ಲಿ ಕಾಣಲ್ಲ, ನೋವು ಇರತ್ತೆ" ಅಂತ ಫಿಸಿಯೋಥೆರಪಿಗೆ ಕಳಿಸಿದರು. ನನ್ನ ಕುತ್ತಿಗೆಯಲ್ಲಿ ಕಂಪನಿಯ ಐಡಿ ಕಾರ್ಡಿತ್ತು, ಬಾಯಲ್ಲಿ ಇಂಗ್ಲಿಷಿತ್ತು, ಹಿಂದೆ ಇನ್ಶೂರೆನ್ಸ್ ಇತ್ತು. ರಿಪೋರ್ಟಿಗೆ ಆರಾಮಿದ್ದರೂ ನನಗೆ ಆರಾಮಿಲ್ಲ ಅನ್ನೋದನ್ನು ಅವರು ಒಪ್ಪಿದರು. ನನಗೆ ಅದು ವಿಶೇಷ ಅಂತಲೂ ಅನ್ನಿಸಿರಲಿಲ್ಲ.

ಆದರೆ ಫ್ರಿಕರ್ ಹೇಳೋದು ನನ್ನ ವಿಷಯಕ್ಕೆ ಪೂರ್ತಿ ಹೊಂದಲ್ಲ. ಅಕ್ಕ ಸುಳ್ಳು ಹೇಳ್ತಾಳೆ ಅಂತ ನಾನು ಒಂದು ಕ್ಷಣವೂ ಅಂದುಕೊಂಡಿರಲಿಲ್ಲ. ಅವಳನ್ನು ಕಂಡರೆ ನನಗೆ ಜೀವ. ಸಣ್ಣವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಕೊಟ್ಟೂರೇಶ್ವರನ ತೇರು ತೋರಿಸಿದವಳು ಅವಳು. ಅವಳಿಗೆ ಸುಸ್ತು *ಅನ್ನಿಸ್ತಿದೆ* ಅಂತ ನಾನು ನಂಬಿದ್ದೆ. ಸುಸ್ತು *ಇದೆ* ಅಂತ ನಂಬಿರಲಿಲ್ಲ. ಎರಡೂ ಒಂದೇ ಅಂತ ಅಷ್ಟು ದಿನ ತಿಳಿದಿದ್ದೆ. 'ಪಾಪ, ಅವಳಿಗೆ ಹಾಗನ್ನಿಸ್ತಿದೆ' ಅನ್ನೋದರಲ್ಲಿ ಪ್ರೀತಿ ಇದೆ, ಕನಿಕರ ಇದೆ. ಆದರೆ ಆ ಕನಿಕರದಿಂದ ನಾನು ಮಾಡಬೇಕಾದ್ದು ಏನೂ ಇರೋದಿಲ್ಲ. ಸುಸ್ತು ಇದೆ ಅಂತ ಒಪ್ಪಿದರೆ, ಯಾಕೆ ಅಂತ ಹುಡುಕೋ ಕೆಲಸ ನನ್ನ ತಲೆ ಮೇಲೆ ಬೀಳತ್ತೆ.

ನಮ್ಮ ಕೆಲಸದಲ್ಲಿ ಬಗ್ ಬಂದಾಗ ನಮ್ಮ ಮಷಿನ್ನಿನಲ್ಲಿ ಅದು ಮತ್ತೆ ಕಾಣಿಸದಿದ್ದರೆ 'ರಿಪ್ರೊಡ್ಯೂಸ್ ಆಗ್ತಿಲ್ಲ' ಅಂತ ಬರೆದು ಟಿಕೆಟ್ ಮುಚ್ತೀವಿ. ಇದರ ಅರ್ಥ 'ನನಗೆ ಕಾಣಲಿಲ್ಲ' ಅಂತ ಅಷ್ಟೇ. ಆದರೆ ಟಿಕೆಟ್ ಮುಚ್ಚಿದ ಕೂಡಲೇ ಅದು 'ಇಲ್ಲ' ಅಂತಾಗಿಬಿಡತ್ತೆ. ಮುಚ್ಚಿದ ಟಿಕೆಟ್‌ಗಳ ಸಂಖ್ಯೆ ನಮ್ಮ ಅಪ್ರೈಸಲ್‌ನಲ್ಲಿ ಬರತ್ತೆ, ಕಾಣದೇ ಉಳಿದದ್ದು ಎಲ್ಲೂ ಬರಲ್ಲ. "ನನಗೆ ಕಾಣಿಸ್ತಿಲ್ಲವ್ವಾ" ಅನ್ನೋದಕ್ಕೂ "ನಿನಗೇನಿಲ್ಲವ್ವಾ" ಅನ್ನೋದಕ್ಕೂ ಇರೋ ವ್ಯತ್ಯಾಸ ಎರಡು ನಿಮಿಷದಲ್ಲೂ ಹೇಳಿ ಮುಗಿಸಬಹುದಾದ್ದು. ಅದಕ್ಕೆ ಹೆಚ್ಚು ಟೈಮು ಬೇಡ. ಬಹುಶಃ ಸ್ವಲ್ಪ ಧೈರ್ಯ ಬೇಕು.

ಕೊನೆಗೆ ರಜೆ ಹಾಕಿ ನಾನೇ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದೆ. ಈ ಸಲ ತಯಾರಿ ಜೋರಾಗಿತ್ತು. ನಾಲ್ಕು ವರ್ಷದ ರಿಪೋರ್ಟುಗಳನ್ನೆಲ್ಲ ಎಕ್ಸೆಲ್ ಶೀಟಿಗೆ ಹಾಕಿ, ಗ್ರಾಫ್ ಮಾಡಿ, ಕಲರ್ ಪ್ರಿಂಟ್ ತೆಗೆಸಿ, ಫೈಲ್ ಮಾಡಿದ್ದೆ. ಹಿಂದಿನ ಡಾಕ್ಟರುಗಳ ಮುಂದೆ ಅಕ್ಕನಿಗೆ ಮಾತಾಡೋಕೆ ಬರದೇ ಹೀಗಾಯ್ತು, ನಾನು ಮಾತಾಡಿದರೆ ಕೇಳ್ತಾರೆ ಅನ್ನೋದು ನನ್ನ ಲೆಕ್ಕ.

ಡಾಕ್ಟರು ಐವತ್ತು ದಾಟಿದ ಹೆಂಗಸು. "ಹೇಳಿ ಅಮ್ಮ" ಅಂದರು. ನಾನು ಫೈಲ್ ಬಿಚ್ಚಿ "ಮೇಡಂ, ಇವರಿಗೆ ನಾಲ್ಕು ವರ್ಷದಿಂದ..." ಅಂತ ಶುರು ಮಾಡಿದೆ. ಗ್ರಾಫ್ ನೋಡಿ "ಚೆನ್ನಾಗಿ ಮಾಡಿದೀರಿ" ಅಂದರು. ಮತ್ತೆ ಅಕ್ಕನ ಕಡೆ ತಿರುಗಿ ಏನೋ ಕೇಳಿದರು. ಅದಕ್ಕೂ ನಾನೇ ಉತ್ತರ ಕೊಟ್ಟೆ. ಮೂರನೇ ಸಲ ಹೀಗಾದಾಗ ಆಕೆ ಪೆನ್ನು ಕೆಳಗಿಟ್ಟು ನಯವಾಗಿ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ರಿ ಸರ್" ಅಂದರು.

ಹೊರಗೆ ಸ್ಟೀಲ್ ಕುರ್ಚಿಯಲ್ಲಿ ಕೂತೆ. ಎದುರಿಗೆ ಗರ್ಭಿಣಿಯೊಬ್ಬಳು ಮಂಡಕ್ಕಿ ತಿನ್ನುತ್ತಿದ್ದಳು. ಮುಖಕ್ಕೆ ಹೊಡೆದ ಹಾಗಾಗಿತ್ತು. ನಾನು ಅವಳ ಪರ ಬಂದವನು, ನನ್ನನ್ನೇ ಹೊರಗೆ ಹಾಕಿದರಲ್ಲ.

ಇಪ್ಪತ್ತು ನಿಮಿಷ ಕಳೆದು ಒಳಗೆ ಕರೆದರು. ಅಕ್ಕನ ಕಣ್ಣು ಕೆಂಪಾಗಿತ್ತು. ಡಾಕ್ಟರು ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಏನೇನು ಮಾಡ್ತೀಯ ಅಂತ ಒಂದೊಂದಾಗಿ ಹೇಳಿಸಿದ್ದರು. ಆಗ ಹೊರಬಿದ್ದದ್ದು ಇದು: ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು ಅನ್ನೋದು ಅಕ್ಕನಿಗೆ ಗೊತ್ತಿತ್ತು. ಆದರೆ ರಕ್ತ ಕಡಿಮೆ ಇದೆ ಅಂತ ನಡುವೆ ಯಾರೋ ಕಬ್ಬಿಣಾಂಶದ ಗುಳಿಗೆ ಕೊಟ್ಟಿದ್ದರು. ಎರಡೂ 'ಮುಂಜಾನೆ ಗುಳಿಗಿ' ಅಂತ ಅವಳು ಎರಡನ್ನೂ ಒಟ್ಟಿಗೆ, ಹೂವು ಬಿಡಿಸೋಕೆ ಹೋಗುವ ಮುಂಚಿನ ಚಹಾದ ಜೊತೆ ನುಂಗುತ್ತಿದ್ದಳು. ಕಬ್ಬಿಣ ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಬಿಡತ್ತೆ, ರಕ್ತಕ್ಕೆ ಸೇರೋಕೆ ಬಿಡಲ್ಲ; ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ಮಾತ್ರೆ ತಗೊಂಡು ಅರ್ಧದಿಂದ ಒಂದು ಗಂಟೆ ನೀರು ಬಿಟ್ಟು ಏನೂ ಬೇಡ. ಮಾತ್ರೆಯ ಬಾಟಲಿ ಇಡುತ್ತಿದ್ದದ್ದು ಒಲೆಯ ಮೇಲಿನ ಗೂಡಿನಲ್ಲಿ, ದಿನವೂ ಹೊಗೆ, ಬಿಸಿ, ಹಬೆ ತಾಗುವ ಕಡೆ. ಕಾವು, ಬೆಳಕು, ತೇವ ಮೂರೂ ಆ ಮಾತ್ರೆಗೆ ಆಗಿಬರಲ್ಲ.

ಇಷ್ಟನ್ನು ನನ್ನ ಮುಂದೆಯೇ ಕೇಳಿದ್ದರೂ ಹೇಳುತ್ತಿದ್ದಳು. ಹೇಳದಿದ್ದದ್ದು ಇನ್ನೊಂದಿತ್ತು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು, ಎರಡು ವರ್ಷದಿಂದ. ಹಿಮೋಗ್ಲೋಬಿನ್ 7.9. ಕಬ್ಬಿಣದ ಗುಳಿಗೆ ಕೊಟ್ಟವರು ರಕ್ತ ಯಾಕೆ ಕಡಿಮೆ ಅಂತ ಕೇಳಿರಲಿಲ್ಲ, ಕೇಳಿದಾಗಲೆಲ್ಲ ಪಕ್ಕದಲ್ಲಿ ಮಾವನೋ ಅತ್ತೆಯೋ ಇದ್ದರು. ಈ ಸಲ ನಾನಿದ್ದೆ. ತಮ್ಮನ ಮುಂದೆ ಅದನ್ನು ಹೇಗೆ ಹೇಳ್ತಾಳೆ? ಥೈರಾಯ್ಡ್ ಸರಿ ಇಲ್ಲದಿದ್ದರೆ ಮುಟ್ಟು ಹೀಗಾಗತ್ತೆ, ಮುಟ್ಟು ಹೀಗಾದರೆ ರಕ್ತ ಇಳಿಯತ್ತೆ, ರಕ್ತ ಇಳಿದರೆ ಕಬ್ಬಿಣದ ಗುಳಿಗೆ, ಆ ಗುಳಿಗೆಯಿಂದ ಥೈರಾಯ್ಡ್ ಮಾತ್ರೆ ನಾಟಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಇನ್ಫೈನೈಟ್ ಲೂಪ್ ಅಂತೀವಿ. ನನ್ನ ಎಕ್ಸೆಲ್ ಶೀಟಿನಲ್ಲಿ ಇದಕ್ಕೆ ಒಂದು ಕಾಲಮ್ಮೂ ಇರಲಿಲ್ಲ. ಕಾಲಮ್ಮು ಮಾಡಿದವನು ನಾನಲ್ಲವಾ.

(ಇದನ್ನೆಲ್ಲ ಬರೆಯಲಾ ಅಂತ ಅಕ್ಕನನ್ನು ಕೇಳಿದ್ದೀನಿ. "ಬರಿ, ನಾಲ್ಕು ಮಂದಿ ಹೆಣ್ಮಕ್ಕಳಿಗೆ ಗೊತ್ತಾಗ್ಲಿ. ನನ್ನ ಹೆಸರು ಮಾತ್ರ ಹಾಕಬ್ಯಾಡ" ಅಂದಳು.)

ಆ ಡಾಕ್ಟರು ಥೈರಾಯ್ಡ್ ಡೋಸ್ ಬದಲಿಸಲೇ ಇಲ್ಲ. ಮಾತ್ರೆಗಳ ಹೊತ್ತು ಬದಲಿಸಿದರು, ಸ್ಕ್ಯಾನ್ ಮಾಡಿಸಿದರು, ರಕ್ತಸ್ರಾವಕ್ಕೆ ಔಷಧಿ ಕೊಟ್ಟರು, ಎಂಟು ವಾರ ಬಿಟ್ಟು ಬರೋಕೆ ಹೇಳಿದರು. ಲೆವೋಥೈರಾಕ್ಸಿನ್ ದೇಹದಲ್ಲಿ ಒಂದು ಮಟ್ಟಕ್ಕೆ ನಿಲ್ಲೋಕೆ ಅಷ್ಟು ದಿನ ಬೇಕು, ಅದಕ್ಕೂ ಮೊದಲು ಪರೀಕ್ಷೆ ಮಾಡಿದರೆ ದುಡ್ಡು ದಂಡ. ಎಂಟು ವಾರಕ್ಕೆ ಟಿಎಸ್‌ಎಚ್ 1.8. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 10.6.

ನಾನು ಗೆದ್ದವನ ಹಾಗೆ "ಈಗ ಪೂರ್ತಿ ಸರಿ ಹೋಯ್ತಲ್ಲ ಮೇಡಂ" ಅಂದೆ. ಆಕೆ ನನ್ನ ಕಡೆ ನೋಡದೆ ಅಕ್ಕನನ್ನು ಕೇಳಿದರು. ಅಕ್ಕ, "ಮೊದಲಿಗಿಂತ ಬಾಳ ಪಾಡ್ರಿ. ಮಧ್ಯಾಹ್ನ ಮೂರಾದ್ರ ಮಾತ್ರ ಕೈಕಾಲು ಬಿದ್ದುಹೋಗ್ತಾವು" ಅಂದಳು. ಈಗ ನಾರ್ಮಲ್ ಅಂತಾರೆ ಅಂತ ನಾನು ಕಾಯ್ತಿದ್ದೆ. ಡಾಕ್ಟರು, "ಕೆಲವರಿಗೆ ಎಲ್ಲಾ ಸರಿ ಮಾಡಿದ ಮೇಲೂ ಒಂದಿಷ್ಟು ಉಳಿಯುತ್ತಮ್ಮ. ಯಾಕೆ ಅಂತ ನಮಗಿನ್ನೂ ಸರಿಯಾಗಿ ಗೊತ್ತಿಲ್ಲ. ರಕ್ತ ಇನ್ನೂ ಏರಬೇಕು, ನೋಡೋಣ. ಆ ಹೊತ್ತಿಗೆ ಅರ್ಧ ಗಂಟೆ ಮಲಗು" ಅಂದರು. ಅಷ್ಟೇ. ಚೀಟಿಯಲ್ಲಿ ಏನನ್ನೋ ಬರೆದುಕೊಂಡರು. ಆಮೇಲೆ ನೋಡಿದೆ: 'ಮಧ್ಯಾಹ್ನ 3ಕ್ಕೆ ಸುಸ್ತು, ಉಳಿದಿದೆ' ಅಂತ ಬರೆದಿದ್ದರು. ಟಿಕೆಟ್ ಮುಚ್ಚಿರಲಿಲ್ಲ.

ಪುಡಿ ಮಾರಿದಾಕೆಗೂ ಈಕೆಗೂ ಏನು ವ್ಯತ್ಯಾಸ ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸ್ತಿದ್ದೆ. ಇಬ್ಬರೂ ಕೇಳಿದರು. ಆದರೆ ಪುಡಿಯಾಕೆಗೆ ಉತ್ತರ ಮೊದಲೇ ಚೀಲದಲ್ಲಿತ್ತು; ಅಕ್ಕ ಏನೇ ಹೇಳಿದ್ದರೂ ಅದೇ ಮೂರು ಡಬ್ಬ ಹೊರಗೆ ಬರುತ್ತಿದ್ದವು. "ಟೆನ್ಶನ್" ಅಂದವರ ಹತ್ತಿರವೂ, "ವಾಕಿಂಗ್" ಅಂದ ನನ್ನ ಹತ್ತಿರವೂ ಹಾಗೇ ಮೊದಲೇ ತಯಾರಾದ ಡಬ್ಬ ಇತ್ತು. ಅಕ್ಕನ ಮಾತು ಕೇಳಿ ತನ್ನ ಮುಂದಿನ ಪ್ರಶ್ನೆಯನ್ನು ಬದಲಿಸಿಕೊಂಡವರು ಈ ಡಾಕ್ಟರು ಒಬ್ಬರೇ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ. ಇಪ್ಪತ್ತು ನಿಮಿಷ ಅವರಿಗೆ ಎಲ್ಲಿಂದ ಸಿಕ್ಕಿತು, ಹೊರಗೆ ಮಂಡಕ್ಕಿ ತಿನ್ನುತ್ತಿದ್ದ ಆ ಗರ್ಭಿಣಿಯ ಪಾಲಿನ ಇಪ್ಪತ್ತು ನಿಮಿಷವಾ ಅದು ಅನ್ನೋ ಪ್ರಶ್ನೆ ಹಾಗೇ ಇದೆ. ಹಡಗಲಿಯಿಂದ ಆ ಕುರ್ಚಿಯವರೆಗೆ ಬರೋಕೆ ಅಕ್ಕನಿಗೆ ರಜೆ ಹಾಕಬಲ್ಲ ತಮ್ಮನೊಬ್ಬ ಬೇಕಾಯಿತು, ಬಂದ ಮೇಲೆ ಆ ತಮ್ಮ ಹೊರಗೆ ಹೋಗಬೇಕಾಯಿತು ಅನ್ನೋದೂ ಹಾಗೇ ಇದೆ.

ಹೋದ ತಿಂಗಳು ಅವಳ ಊರಿಗೆ ಹೋಗಿದ್ದೆ. ಮಧ್ಯಾಹ್ನ ಮೂರಾಗಿತ್ತು. ಅಕ್ಕ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ್ದಳು. ಅವಳ ಅತ್ತೆ ನನ್ನ ಕಡೆ ನೋಡಿ, "ರಿಪೋರ್ಟ್ ಎಲ್ಲಾ ಸರಿ ಬಂದಾವಂತ, ಮತ್ಯಾಕ ಮಲಗ್ಯಾಳ ಕೇಳು ನಿಮ್ಮಕ್ಕನ್ನ" ಅಂದರು. ಟಿಎಸ್‌ಎಚ್, ಹಿಮೋಗ್ಲೋಬಿನ್, 16 ಜನ ಡ್ಯಾನಿಶ್ ಗಂಡಸರು, ಎಲ್ಲ ನನ್ನ ಬಾಯಿ ತುದಿಗೆ ಬಂದವು. ಅಷ್ಟರಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡೇ, "ಮಲಗಬೇಕನಿಸೇತಿ ಅತ್ತಿ, ಮಲಗೀನಿ" ಅಂದಳು.

ಅತ್ತೆ ಏನೂ ಅನ್ನಲಿಲ್ಲ. ನಾನು ಎದ್ದು ಚಹಾ ಇಡೋಕೆ ಒಳಗೆ ಹೋದೆ. ಒಲೆಯ ಮೇಲಿನ ಗೂಡಿನಲ್ಲಿ ಸಕ್ಕರೆ ಡಬ್ಬ, ಚಹಾಪುಡಿ, ಬೆಂಕಿಪೊಟ್ಟಣ ಇದ್ದವು. ಮಾತ್ರೆಯ ಬಾಟಲಿ ಅಲ್ಲಿರಲಿಲ್ಲ.